ಮುಖರಾಗ

ಉತ್ತರ ಕರ್ನಾಟಕದ ದನದ ಪೇಟೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡದಿರುವ ಹಳೆಯ ರೂಢಿಯೊಂದುಂಟು. ದಲಾಲನು ತನ್ನ ಹೆಗಲ ಮೇಲಿನ ವಲ್ಲಿಯನ್ನು ಮಾರುವವನ ಕೈಯ ಮೇಲೆ ಹೊದಿಸಿ, ಅದರ ಮರೆಯಲ್ಲಿ ತನ್ನ ಕೈಯನ್ನು ಸೇರಿಸುವನು. ಒಳಗೆ ಬೆರಳು ಬೆರಳನ್ನು ಹಿಡಿಯುವದು. ಹಿಡಿದ ಬೆರಳುಗಳ ಲೆಕ್ಕವೇ ಬೆಲೆಯ ಲೆಕ್ಕ. ಸುತ್ತಲೂ ನೆರೆದ ಹತ್ತಾರು ಮಂದಿಗೆ ಏನೂ ತಿಳಿಯದು. ಗುಟ್ಟನ್ನು ಕಾಯುವದಕ್ಕಾಗಿ ಹಿರಿಯರು ಮಾಡಿಟ್ಟ ಈ ಏರ್ಪಾಟು ಬಲು ಜಾಣತನದ್ದೆಂಬದರಲ್ಲಿ ಸಂದೇಹವಿಲ್ಲ. ಆದರೆ ಕೈಯನ್ನು ಮುಚ್ಚಿದ ಆ ಹಿರಿಯರು ಮುಖವನ್ನು ಮುಚ್ಚಲಿಲ್ಲ.

ಕಿತ್ತೂರಿನ ಮಗ್ಗುಲ ಹಳ್ಳಿಯ ಒಕ್ಕಲುಮಗನೊಬ್ಬನು ಒಂದು ಸಂತೆಯ ದಿವಸ ಬೈಲಹೊಂಗಲದ ಪೇಟೆಗೆ ತನ್ನ ಖಿಲಾರಿ ಎತ್ತನ್ನು ಹೊಡೆದುಕೊಂಡು ಬಂದನು. ಜೋಡಿಯ ಇನ್ನೊಂದು ಎತ್ತು ಬೇನೆಯಿಂದ ಸತ್ತುಹೋಗಿತ್ತು. ಸೊಸೈಟಿಯ ಸಾಲದ ಗಡುವು ಸಮೀಪಿಸಿತ್ತು. ಎತ್ತು ಬಾಯಿಗೂಡಿದ್ದು, ಸುಳಿ ಶುದ್ಧವಾದದ್ದು, ಕಾಲಲ್ಲಿ ಊನವಿಲ್ಲದ್ದು. ಇಂತಿಷ್ಟಕ್ಕೆ ಕಡಮೆ ಬಂದರೆ ಹಗ್ಗವನ್ನು ಕೈಬಿಡಕೂಡದೆಂದು ಹೊರಡುವಾಗಲೇ ಅವನು ಮನೆಯಲ್ಲಿ ಹೇಳಿ ಬಂದಿದ್ದನು. ಸಂಗಡ ಹನ್ನೆರಡು ವರುಷದ ಮಗನಿದ್ದನು. ವಲ್ಲಿಯ ಕೆಳಗೆ ಕೈ ಸೇರಿ, ಎರಡು ಸಲ ಹಿಂದೆ ಸರಿದು, ಮೂರನೆಯ ಸಲಕ್ಕೆ ವ್ಯವಹಾರವು ಮುಗಿಯಿತು. ಮನೆಯಲ್ಲಿ ಹೇಳಿಬಂದುದಕ್ಕಿಂತ ಐದು ಸಾವಿರ ರೂಪಾಯಿ ಕಡಮೆಗೆ ಎತ್ತು ಹೋಯಿತು.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯು, "ಏನ ನೋಡಿ ಕೊಟ್ಟ್ರಿ?" ಎಂದಳು.

"ಯಾಕೋ ಎತ್ತು ನನಗ ಹಾಂಗ ಕಾಣ್ಸಿತು. ಹಿಂದಿನ ಕಾಲು ಸ್ವಲ್ಪ ಎಳೀತೈತಿ ಅನಸ್ತು."

"ಮುಂಜಾನಿ ತನಕ ಎಳೀದಿದ್ದು ಪ್ಯಾಟಿಗೆ ಹೋದ ಕೂಡಲೆ ಎಳಿಯಾಕತ್ತತೇನು?"

ಆಗ ಮಗನು ತಾಟಿನಿಂದ ತಲೆಯೆತ್ತಿ, "ಯಪ್ಪಾ, ಆ ಕೆಂಪ ರುಮಾಲಿನ ಅಜ್ಜಾ ಎತ್ತಿನ ಕಾಲ ನೋಡಿ ಹಿಂಗ ಮಾರಿ ಮಾಡಿದ್ದ" ಎಂದು ತುಟಿಯ ಒಂದು ಕೊನೆಯನ್ನು ಕೆಳಕ್ಕೆ ಎಳೆದು ತೋರಿಸಿದನು.

"ಯಾವ ಅಜ್ಜಾ?" ಎಂದನು ತಂದೆ.

ಅವನು ಅಜ್ಜನನ್ನು ಕಂಡಿರಲಿಲ್ಲ. ದಲಾಲನ ಹೆಗಲ ಹಿಂದೆ, ಎರಡು ಮಾರು ದೂರದಲ್ಲಿ, ಕಣ್ಣೆದುರಿಗೇ ನಿಂತಿದ್ದ ಮನುಷ್ಯನು ಅವನ ನೆನಪಿನಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ. ಆ ಅಜ್ಜನು ದಲಾಲನ ಕಡೆಯವನಿದ್ದನೋ, ಇಲ್ಲವೆ ಹಲ್ಲುನೋವಿನಿಂದ ಮುಖ ಕಿವುಚಿದ್ದನೋ, ಈಗ ಹೇಳಲು ಬಾರದು. ಕಂಡಿಲ್ಲವೆಂದು ಆಣೆಯಿಟ್ಟು ಹೇಳುವ ಮುಖವೊಂದು ಕಂಡವನ ಎಣಿಕೆಯನ್ನು ಐದು ಸಾವಿರದಷ್ಟು ಕೆಳಗಿಳಿಸಬಲ್ಲದೇ, ಎಂಬದಿಷ್ಟೇ ವಿಚಾರಕ್ಕೆ ತಕ್ಕ ಪ್ರಶ್ನೆ.

ಇದನ್ನು ಬೆಲೆಕಟ್ಟುವವರ ಭ್ರಮೆಯೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಅಮೇರಿಕದ ಶೀಲಾ ಮರ್ಫಿ ಮತ್ತು ರಾಬರ್ಟ್ ಝಾಯನ್ಸ್ ಎಂಬ ಪಂಡಿತರು 1993ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಮಾತನ್ನು ಅಷ್ಟು ಹಗುರವಾಗಿ ಬಿಡಗೊಡವು. ಅವರು ಚೀನೀ ಲಿಪಿಯನ್ನು ಅರಿಯದ ಜನರನ್ನು ಕೂಡ್ರಿಸಿ, ಒಂದೊಂದೇ ಚೀನೀ ಅಕ್ಷರವನ್ನು ತೋರಿಸಿ, ಇದು ನಿಮಗೆಷ್ಟು ಮೆಚ್ಚಿಗೆಯಾಯಿತೆಂದು ಕೇಳಿದರು. ಪ್ರತಿಯೊಂದು ಅಕ್ಷರದ ಮುಂಚೆ ಒಂದು ಮುಖವು ಮಿಂಚಿ ಮಾಯವಾಗುತ್ತಿತ್ತು; ಕೆಲವು ಸಲ ನಗುಮುಖ, ಕೆಲವು ಸಲ ಸಿಟ್ಟಿನ ಮುಖ. ಅದು ಪರದೆಯ ಮೇಲೆ ಇದ್ದುದು ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರ ನಾಲ್ಕು ಪಾಲು ಮಾತ್ರ. ಕಣ್ಣಿನ ಒಂದು ಎವೆಯಿಕ್ಕುವಿಕೆಗೆ ನೂರು ಪಾಲಿಗಿಂತ ಹೆಚ್ಚು ಹೊತ್ತು ಬೇಕು. ಅಂದಮೇಲೆ ಈ ನಾಲ್ಕು ಪಾಲು ಎಷ್ಟೆಂಬದನ್ನು ವಾಚಕರೇ ಊಹಿಸತಕ್ಕದ್ದು. ನೋಡಿದವರಿಗೆ ಮುಖವು ಕಂಡಿತೆಂಬ ಅರಿವೇ ಇರಲಿಲ್ಲ. ಆದರೂ ನಗುಮುಖದ ಬೆನ್ನಿಗೆ ಬಂದ ಅಕ್ಷರವು ಅವರಿಗೆ ಹೆಚ್ಚು ಮೆಚ್ಚಿಗೆಯಾಯಿತು. ಸಿಟ್ಟಿನ ಮುಖದ ಬೆನ್ನಿಗೆ ಬಂದದ್ದು ಕಡಮೆ.

ಈ ಪ್ರಯೋಗದ ನಿಜವಾದ ಸ್ವಾರಸ್ಯವು ಮುಂದಿನ ಭಾಗದಲ್ಲಿರುವದು. ಅದೇ ಮುಖಗಳನ್ನು ಪೂರ್ತಿ ಒಂದು ಸೆಕೆಂಡಿನವರೆಗೆ, ಯಾರಾದರೂ ನೋಡಿ ಗುರುತಿಸುವಂತೆ ತೋರಿಸಿದಾಗ ಆ ಪರಿಣಾಮವು ಕಾಣದಾಯಿತು. ಕಂಡ ಮುಖಕ್ಕೆ ಮನಸ್ಸು, 'ಇದು ಬೇರೆ, ಅಕ್ಷರ ಬೇರೆ' ಎಂದು ಗೆರೆ ಕೊರೆಯಬಲ್ಲದು. ಕಾಣದ ಮುಖಕ್ಕೆ ಗೆರೆ ಎಳೆಯುವವರು ಯಾರು? ಕಳ್ಳನು ಹಗಲಲ್ಲಿ ಬಾಗಿಲಿಗೆ ಬಂದರೆ ಮನೆಯವರು ಎಚ್ಚರವಾಗುವರು. ರಾತ್ರಿ ಹಿತ್ತಲಿಂದ ಬಂದವನ ಹೆಜ್ಜೆಯ ಗುರುತು ಮರುದಿನ ಕಂಡರೂ ಅದು ಮನೆಯವರದೇ ಹೆಜ್ಜೆಯೆಂದು ತೋರುವದು. ಕಿತ್ತೂರಿನ ಒಕ್ಕಲುಮಗನು ತನ್ನ ಮನಸ್ಸಿನಲ್ಲಿ ಹುಟ್ಟಿದ ಅಳುಕನ್ನು ಎತ್ತಿನ ಹಿಂಗಾಲಿಗೆ ಅಂಟಿಸಿದ್ದು ಇದೇ ತರದ್ದಾಗಿರಬೇಕು.

ಅಷ್ಟರಿಂದಲೇ ಶಾಸ್ತ್ರಜ್ಞರು ಸುಮ್ಮನಾಗಲಿಲ್ಲ. ಸ್ವೀಡನ್ ದೇಶದ ಉಪ್ಸಾಲದಲ್ಲಿ ಡಿಂಬರ್ಗ್ ಮೊದಲಾದವರು ಗಲ್ಲ ಹುಬ್ಬುಗಳ ಸ್ನಾಯುಗಳಿಗೆ ವಿದ್ಯುತ್ತನ್ನಳೆಯುವ ಸೂಕ್ಷ್ಮವಾದ ತಂತಿಗಳನ್ನು ಹಚ್ಚಿ, ಸೆಕೆಂಡಿನ ಸಾವಿರದಲ್ಲಿ ಮೂವತ್ತು ಪಾಲು ಹೊತ್ತು ನಗು ಇಲ್ಲವೆ ಸಿಟ್ಟಿನ ಮುಖವನ್ನು ತೋರಿಸಿ, ಕೂಡಲೆ ಅದನ್ನು ಭಾವವಿಲ್ಲದ ಬೇರೊಂದು ಮುಖದಿಂದ ಮುಚ್ಚಿದರು. ನಗುವಿಗೆ ಗಲ್ಲದ ಸ್ನಾಯುವೂ ಸಿಟ್ಟಿಗೆ ಹುಬ್ಬಿನ ಸ್ನಾಯುವೂ ತಮ್ಮಷ್ಟಕ್ಕೆ ಮಿಡಿದವೆಂದು ಅವರು 2000ದಲ್ಲಿ ಪ್ರಕಟಿಸಿದರು. ಒಂದು ಮುಖವು ಇನ್ನೊಂದು ಮುಖಕ್ಕೆ ಉತ್ತರ ಕೊಡುವದು, ಎರಡೂ ಮುಖಗಳ ಒಡೆಯರಿಗೆ ಸುದ್ದಿಯಿಲ್ಲದೆ. 2005ರಲ್ಲಿ ಬಂದ ಮತ್ತೊಂದು ಪ್ರಯೋಗದಲ್ಲಿ ವಿಂಕೀಲ್ಮನ್ ಮೊದಲಾದವರು ಇಂತಹ ಮಿಂಚುಮುಖಗಳ ತರುವಾಯ ಜನರ ಮುಂದೆ ಪಾನಕದ ಪಾತ್ರೆಯನ್ನಿಟ್ಟರು. ನೀರಡಿಸಿ ಬಂದವರು ನಗುಮುಖದ ಬೆನ್ನಿಗೆ ಹೆಚ್ಚು ಸುರುವಿಕೊಂಡು ಹೆಚ್ಚು ಕುಡಿದರು. ಸಿಟ್ಟಿನ ಮುಖದ ಬೆನ್ನಿಗೆ ಕಡಮೆ. ಈಗ ಮನಸ್ಸು ಹೇಗಿದೆಯೆಂದು ಕೇಳಿದರೆ ಯಾವ ವ್ಯತ್ಯಾಸವನ್ನೂ ಅವರು ಹೇಳಲಿಲ್ಲ. ನೀರಡಿಕೆಯಿಲ್ಲದವರ ಮೇಲೆ ಮುಖದ ಆಟವು ನಡೆಯಲಿಲ್ಲವೆಂಬದು ನೆನಪಿಡತಕ್ಕ ಸಂಗತಿ. ಗರಜು ಇದ್ದವನೇ ಬಾಗುವನು. ಸೊಸೈಟಿಯ ಗಡುವಿಲ್ಲದ ಒಕ್ಕಲುಮಗನು ಆ ಕೆಂಪು ರುಮಾಲಿಗೆ ಬಾಗುತ್ತಿದ್ದನೋ ಇಲ್ಲವೋ!

ಇಂತಹ ಪ್ರಯೋಗಗಳ ಫಲವು ಬಹು ಸಣ್ಣ ಪ್ರಮಾಣದ್ದು. ಮತ್ತೆ ಮಾಡಿ ನೋಡಿದ ಎಲ್ಲರಿಗೂ ಅದು ಒಂದೇ ತೆರನಾಗಿ ದೊರೆತಿಲ್ಲವೆಂಬದನ್ನೂ ಇಲ್ಲಿಯೇ ಹೇಳಿಬಿಡುವದು ನ್ಯಾಯ. ಗುಪ್ತಮುಖಗಳಿಂದ ಮನುಷ್ಯನನ್ನು ಗೊಂಬೆಯಂತೆ ಕುಣಿಸಬಹುದೆಂದು ಸಾರುವ ಜಾಹೀರಾತುಗಾರರ ಮಾತನ್ನು ನಂಬಬೇಕಾದ ಕಾರಣವಿಲ್ಲ. ತಕ್ಕಡಿಯ ಒಂದು ಪರಡಿಯಲ್ಲಿ ಕಲ್ಲಿದ್ದರೆ ಇನ್ನೊಂದರಲ್ಲಿ ಕುಳಿತ ನೊಣದಿಂದ ಏನೂ ಆಗದು. ಎರಡೂ ಸಮನಾಗಿ ತೂಗುತ್ತಿರುವಾಗ ಮಾತ್ರ ನೊಣದ ಭಾರವೂ ಭಾರವೇ.

ಸವದತ್ತಿ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿದ್ದ ಮಾಸ್ತರರೊಬ್ಬರಿಗೆ ಈ ನೊಣದ ಭಾರವು ತಿಳಿದುಬಂದ ಬಗೆ ಬೇರೆ. ಅವರ ಮೂರನೆಯ ಇಯತ್ತೆಯಲ್ಲಿ ಬಾಯಿಲೆಕ್ಕದಲ್ಲಿ ಒಬ್ಬ ಹುಡುಗಿಯ ಸಮಾನ ಯಾರೂ ಇರಲಿಲ್ಲ. ಏಳೆಂಟಲೆ ಎಷ್ಟೆಂದರೆ, "ಐವತ್ತಾ..." ಎಂದು ರಾಗವನ್ನೆಳೆದು ಒಂದು ಕ್ಷಣ ನಿಂತು, "...ಆರ್‍ರಿ" ಎಂದು ಮುಗಿಸುವಳು. ತಪಾಸಣೆಗೆ ಬಂದ ಸಾಹೇಬರು ಸಹ ಅವಳ ಬೆನ್ನು ತಟ್ಟಿ ಹೋಗಿದ್ದರು. ಒಂದು ದಿನ ಮಾಸ್ತರರು ಹಲಗೆಯ ಮೇಲೆ ಏನನ್ನೋ ಬರೆಯುತ್ತ, ತಿರುಗದೆಯೇ ಅವಳಿಗೆ ಲೆಕ್ಕ ಕೇಳಿದರು. ಹಿಂದಿನಿಂದ ಉತ್ತರ ಬರಲಿಲ್ಲ. ಮತ್ತೊಂದು ಕೇಳಿದರು, ಅದಕ್ಕೂ ಇಲ್ಲ. ತಿರುಗಿ ನೋಡಿ ಅದನ್ನೇ ಕೇಳಿದರು. ರಾಗವೆಳೆದು ಸರಿಯಾಗಿ ಹೇಳಿದಳು! ಐವತ್ತಾ ಎಂದು ನಿಂತ ಆ ಕ್ಷಣದಲ್ಲಿ ಅವಳು ಮಾಸ್ತರರ ಹುಬ್ಬನ್ನು ಓದುತ್ತಿದ್ದಳು. ಇದು ವಂಚನೆಯಾಗಿರಲಿಲ್ಲ. ಹುಡುಗಿಗೆ ತಾನು ಓದುತ್ತಿರುವೆನೆಂದು ಗೊತ್ತಿರಲಿಲ್ಲ. ಮಾಸ್ತರರಿಗೆ ತಾವು ಹೇಳಿಕೊಡುತ್ತಿರುವೆವೆಂದು ಗೊತ್ತಿರಲಿಲ್ಲ.

ಬರ್ಲಿನ್ನಿನಲ್ಲಿ ಒಂದು ಕುದುರೆಯು ಇದೇ ವಿದ್ಯೆಯಿಂದ ಜಗತ್ಪ್ರಸಿದ್ಧವಾಗಿತ್ತು. ಫಾನ್ ಓಸ್ಟೆನ್ ಎಂಬ ನಿವೃತ್ತ ಶಿಕ್ಷಕನು ಸಾಕಿದ 'ಜಾಣ ಹಾನ್ಸ್' ಎಂಬ ಆ ಕುದುರೆಯು ಕೂಡುವ ಕಳೆಯುವ ಲೆಕ್ಕಗಳಿಗೆ ಗೊರಸಿನಿಂದ ನೆಲ ಬಡಿದು ಉತ್ತರ ಹೇಳುತ್ತಿತ್ತು. 1904ರಲ್ಲಿ ಪಂಡಿತರ ಮಂಡಲವೊಂದು ಬಂದು ನೋಡಿ, ಮೋಸವೇನೂ ಇಲ್ಲವೆಂದು ಬರೆದುಕೊಟ್ಟಿತು. ತರುವಾಯ ಓಸ್ಕರ್ ಪ್ಫುಂಗ್‌ಸ್ಟ್ ಎಂಬವನು ತಾಳ್ಮೆಯಿಂದ ಪರೀಕ್ಷಿಸಿ, ಪ್ರಶ್ನೆ ಕೇಳಿದವನಿಗೆ ಉತ್ತರ ತಿಳಿಯದಿದ್ದರೆ ಇಲ್ಲವೆ ಅವನು ಕುದುರೆಯ ಕಣ್ಣಿಗೆ ಬೀಳದಿದ್ದರೆ ಹಾನ್ಸನ ಗಣಿತವೆಲ್ಲ ಮಣ್ಣುಗೂಡುವದನ್ನು ಕಂಡುಹಿಡಿದನು. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆಯು ಕಂಡೂ ಕಾಣದಷ್ಟು ಮೇಲಕ್ಕೇಳುತ್ತಿತ್ತು. ಕುದುರೆಯು ಅಲ್ಲಿಗೆ ಗೊರಸನ್ನು ನಿಲ್ಲಿಸುತ್ತಿತ್ತು. 1907ರಲ್ಲಿ ಅವನ ಗ್ರಂಥವು ಹೊರಬಿದ್ದಿತು. ಗುಟ್ಟು ತಿಳಿದ ಮೇಲೂ ಪ್ಫುಂಗ್‌ಸ್ಟನು ತನ್ನ ತಲೆಯ ಈ ಅಲುಗಾಟವನ್ನು ಪೂರ್ತಿಯಾಗಿ ತಡೆಯಲಾರದೆ ಹೋದನಂತೆ. ಓಸ್ಟೆನ್ ಮಾತ್ರ ಈ ಶೋಧವನ್ನು ಕೊನೆಯವರೆಗೂ ಒಪ್ಪಲಿಲ್ಲ. ಶಿಷ್ಯನು ಕಲಿತದ್ದು ವಿದ್ಯೆಯಲ್ಲ, ಗುರುವಿನ ಮುಖವೆಂದರೆ ಯಾವ ಶಿಕ್ಷಕನಿಗಾದರೂ ಒಪ್ಪುವದು ಕಠಿಣವೇ.

ಸವದತ್ತಿಯ ಮಾಸ್ತರರಿಗೆ ಹುಡುಗಿಯ ಸಂಗತಿಯಿಂದ ನಗೆ ಬಂದಿತೇ ಹೊರತು ದುಃಖವಾಗಲಿಲ್ಲ. ದುಃಖವಾದದ್ದು ಎಂಟು ದಿನಗಳ ಮೇಲೆ. ಈಗ ಬಾಯಿಲೆಕ್ಕವನ್ನು ನಿಲ್ಲಿಸಿ, ಉತ್ತರವನ್ನು ಪಾಟಿಯ ಮೇಲೆ ಬರೆದು ಬೋರಲಿಡುವಂತೆ ಹೇಳತೊಡಗಿದ್ದರು. ಕೊನೆಯ ಸಾಲಿನಲ್ಲಿ ಕುಳಿತ ಒಬ್ಬ ಹುಡುಗನ ಪಾಟಿಯು ದಿನಾಲು ಸರಿಯಾಗಿ ಬರಹತ್ತಿತು. ಆ ಹುಡುಗನನ್ನು ಅವರು ದಡ್ಡನೆಂದು ಬರೆದು, ಹಿಂದಿನ ವರುಷ ಅದೇ ಇಯತ್ತೆಯಲ್ಲಿ ಉಳಿಸಿಕೊಂಡಿದ್ದರು. ಅವನು ಎದ್ದು ನಿಂತಾಗಲೆಲ್ಲ ಇವನಿಗೇನು ಬರುವದೆಂಬ ಭಾವವು ಅವರ ಮುಖದಲ್ಲಿ ಮೊದಲೇ ಕಟ್ಟಿಕೊಳ್ಳುತ್ತಿತ್ತು. ಅದನ್ನು ನೋಡುತ್ತಲೇ ಹುಡುಗನ ಬಾಯೊಳಗಿನ ಉತ್ತರವು ಬಾಯೊಳಗೇ ಒಣಗುತ್ತಿತ್ತು. ಹೊಡೆದ ಪೆಟ್ಟಿನ ಲೆಕ್ಕವನ್ನು ಹೊಡೆದವನು ಒಮ್ಮೆಯಾದರೂ ಇಡಬಲ್ಲನು. ಮಾಡಿದ ಮುಖದ ಲೆಕ್ಕವನ್ನು ಇಡುವದು ಹೇಗೆ? ಹುಡುಗನ ಒಂದು ವರುಷವಂತೂ ಹೋಗಿಯೇ ಹೋಗಿತ್ತು.

ಭರತಮುನಿಯ ಮನೆತನದವರು ಮುಖದ ವಿಷಯದಲ್ಲಿ ಮಾಡಿದಷ್ಟು ಲೆಕ್ಕವನ್ನು ಬೇರಾರೂ ಮಾಡಿರಲಾರರು. ನಾಟ್ಯಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ ದೃಷ್ಟಿಗಳು ಮೂವತ್ತಾರು, ಹುಬ್ಬಿನ ಕರ್ಮಗಳು ಏಳು, ಮೂಗು ಗಲ್ಲ ಅಧರಗಳಿಗೆ ಆರಾರು. ಇವೆಲ್ಲವುಗಳ ಮೇಲೆ ಮುಖರಾಗವೆಂಬದೊಂದು. ಅಂದರೆ ಮುಖದ ಮೇಲೆ ಹಬ್ಬುವ ಬಣ್ಣ. ಅದು ಸ್ವಾಭಾವಿಕ, ಪ್ರಸನ್ನ, ರಕ್ತ, ಶ್ಯಾಮವೆಂದು ನಾಲ್ಕು ತೆರ. ಅಂಗಾಂಗಗಳ ಅಭಿನಯವೆಷ್ಟು ಚೆನ್ನಾಗಿದ್ದರೂ ಮುಖರಾಗವಿಲ್ಲದಿದ್ದರೆ ಶೋಭಿಸದೆಂಬದು ಮುನಿಯ ಮತ. ಈ ಸೀಮೆಯ ಜನರಿಗೆ ಇದನ್ನು ಸೂತ್ರದಿಂದ ಕಲಿಸಬೇಕಾದದ್ದಿಲ್ಲ. ಬೈಲಹೊಂಗಲದ ನೆಲದ್ದೇ ಕಥೆಯಾದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಬೆಳತನಕ ಕುಳಿತು ನೋಡಿದವರು ಬಲ್ಲರು: ಗೆಳೆಯನನ್ನು ಸಾವಿನ ಬಾಯಿಗೆ ಕರೆಯಲು ಬಂದ ಬಾಳ್ಯಾನ ಮಾತು ಸಂಗ್ಯಾನಿಗೆ ಸವಿಯಾಗಿ ಕೇಳಬೇಕು, ಮುಖವು ಮಾತ್ರ ಮಂದಿಗೆ ಕಪ್ಪಾಗಿ ಕಾಣಬೇಕು. ಮಂದಿಗೆ ಕಂಡದ್ದು ಸಂಗ್ಯಾನಿಗೆ ಏಕೆ ಕಾಣದೆಂದು ಯಾರೂ ಕೇಳುವದಿಲ್ಲ. ನಂಬಿದವನಿಗೆ ಕಾಣದೆಂಬದು ಎಲ್ಲರಿಗೂ ಗೊತ್ತು.

ಆದರೆ ಆಟದ ಮುಖವು ಬೇಕೆಂದು ತಂದ ಮುಖ. ನೋಡುವವರೂ ನೋಡಲೆಂದೇ ಬಂದವರು. ಅರಿಯದೆ ತೋರಿ ಅರಿಯದೆ ಕಂಡ ಮುಖದ ವಿಚಾರವು ಬರಬೇಕಾದದ್ದು ನ್ಯಾಯಸಭೆಯಲ್ಲಿ. ಅದು ಬಂದೂ ಇರುವದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದುಷ್ಟಸಾಕ್ಷಿಯ ಲಕ್ಷಣಗಳನ್ನು ಹೇಳುತ್ತ, ನಿಂತಲ್ಲಿ ನಿಲ್ಲದಿರುವದು, ಬಾಯಿಯ ಕೊನೆಗಳನ್ನು ನೆಕ್ಕುವದು, ಹಣೆ ಬೆವರುವದು, ಮುಖದ ಬಣ್ಣಗೆಡುವದು, ಮಾತು ಒಣಗಿ ತೊದಲುವದು, ಎದುರಿನವರ ಮಾತಿಗೂ ನೋಟಕ್ಕೂ ತಿರುಗಿ ಉತ್ತರವೀಯದಿರುವದು, ತುಟಿ ಸೊಟ್ಟಗಾಗುವದು ಇವನ್ನೆಲ್ಲ ಎಣಿಸಿದ್ದಾರೆ. ಮನುವು ಸಹ ಹೊರಗಿನ ಕುರುಹುಗಳಿಂದ ಒಳಗನ್ನರಿಯಬೇಕೆಂದು ಅರಸನಿಗೆ ಹೇಳಿರುವನು. ಇಷ್ಟಕ್ಕೇ ಶಾಸ್ತ್ರವು ನಿಂತಿದ್ದರೆ ಬೆವರಿದ ಬಡವರೆಲ್ಲ ಕಳ್ಳರಾಗಬೇಕಾಗುತ್ತಿತ್ತು.

ನಿಲ್ಲಗೊಡಲಿಲ್ಲ, ಕನ್ನಡ ನೆಲದ ಒಬ್ಬ ಪಂಡಿತನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದು ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ಟೀಕೆಯನ್ನು ಬರೆದ ವಿಜ್ಞಾನೇಶ್ವರನು ಈ ಶ್ಲೋಕಗಳಿಗೆ ಬಂದಾಗ ಒಂದು ಸಣ್ಣ ವಾಕ್ಯವನ್ನು ಸೇರಿಸಿದ್ದಾನೆ. ಇವುಗಳಿಂದ ದೋಷದ ಸಂಭಾವನೆಯಷ್ಟೇ ಹೊರತು ನಿಶ್ಚಯವಾಗದು. ಏಕೆಂದರೆ ಸಹಜವಾದ ವಿಕಾರ ಯಾವದು, ಕಾರಣದಿಂದ ಬಂದ ವಿಕಾರ ಯಾವದೆಂಬ ವಿವೇಕವು ತಿಳಿಯಲಶಕ್ಯವಾದದ್ದು, ಎಂಬದು ಆ ವಾಕ್ಯದ ತಾತ್ಪರ್ಯ. ಹೊಟ್ಟೆಶೂಲೆಯವನೂ ಬಣ್ಣಗೆಡುವನು, ಅಂಜಿದವನೂ ಬಣ್ಣಗೆಡುವನು, ಅಪರಾಧಿಯೂ ಬಣ್ಣಗೆಡುವನು. ಬಣ್ಣವೊಂದೇ, ಕಾರಣ ಮೂರು. ಪಾಠಶಾಲೆಗಳಲ್ಲಿ ಮಿತಾಕ್ಷರೆಯನ್ನು ಓದುವವರು ದಾಯವಿಭಾಗದ ಭಾಗವನ್ನು ಬಾಯಿಪಾಠ ಮಾಡಿ ಈ ವಾಕ್ಯವನ್ನು ದಾಟಿ ಹೋಗುವ ವಾಡಿಕೆ. ದಾಟತಕ್ಕ ವಾಕ್ಯವಲ್ಲ ಅದು.

ಈಗಿನ ದಿವಾಣಿ ಕಾಯಿದೆಯಲ್ಲಿ ಸಹ, 1908ರ ಸಂಹಿತೆಯ ಹದಿನೆಂಟನೆಯ ಆದೇಶದ ಹನ್ನೆರಡನೆಯ ನಿಯಮದಂತೆ, ಸಾಕ್ಷಿಯ ಹಾವಭಾವಗಳ ಬಗ್ಗೆ ನ್ಯಾಯಾಧೀಶರು ತಮಗೆ ಕಂಡುದನ್ನು ಬರೆದಿಡಬಹುದು. ಬರೆದಿಡುವದು ಒಳ್ಳೆಯದೇ; ಬರೆದದ್ದನ್ನು ಮೇಲಿನ ಕೋರ್ಟು ಓದಿ ತೂಗಬಹುದು. ತೊಡಕಿರುವದು ಬರೆಯದೇ ಉಳಿದದ್ದರಲ್ಲಿ. ನ್ಯಾಯಾಧೀಶರು ನೋಡುತ್ತಿರುವದು ಸಾಕ್ಷಿಯ ಮುಖವನ್ನು. ಕಣ್ಣಂಚಿನಲ್ಲಿ ಕುಳಿತಿರುವವರು ಗುಮಾಸ್ತರು, ವಕೀಲರು, ಬಾಗಿಲಲ್ಲಿ ನಿಂತ ಬಂಧುಗಳು. ಆ ಮುಖಗಳ ಟಿಪ್ಪಣಿಯನ್ನು ಬರೆಯಬೇಕೆಂದು ಯಾವ ಕಾಯಿದೆಯಲ್ಲಿಯೂ ಹೇಳಿಲ್ಲ. ಹೇಳಿದ್ದರೂ ಕಾಣದ್ದನ್ನು ಬರೆಯುವರು ಹೇಗೆ? 2020ರಲ್ಲಿ ಕೊರೊನಾ ಬೇನೆಯ ದೆಸೆಯಿಂದ ಮೂಗು ಬಾಯಿಗಳನ್ನು ಮುಚ್ಚಿಕೊಂಡು ತಿರುಗಬೇಕಾದಾಗ, ಪೇಟೆಯಲ್ಲಿ ವ್ಯವಹಾರವೇ ಸಾಗವಲ್ಲದೆಂದು ದಲಾಲರು ಗೊಣಗಿದ್ದುಂಟು. ಬೆರಳು ಮೊದಲಿನಂತೆಯೇ ಇದ್ದವು, ಕಳೆದದ್ದು ತುಟಿ!

ದೂರದ ಸಮಾಚಾರವೂ ಒಂದುಂಟು. 1984ರಲ್ಲಿ ಅಮೇರಿಕದ ಅಧ್ಯಕ್ಷನ ಚುನಾವಣೆಯಾದಾಗ ಅಲ್ಲಿಯ ಟಿ.ವ್ಹಿ. ವಾರ್ತೆ ಹೇಳುವ ಪ್ರಮುಖರ ಮುಖಗಳನ್ನು ಧ್ವನಿ ತೆಗೆದು ಜನರಿಗೆ ತೋರಿಸಿ ಪರೀಕ್ಷಿಸಿದರು. ಪೀಟರ್ ಜೆನಿಂಗ್ಸ್ ಎಂಬವನ ಮುಖವು ರೇಗನ್ನನ ಸುದ್ದಿ ಬಂದಾಗ ಹೆಚ್ಚು ಪ್ರಸನ್ನವಾಗುತ್ತಿತ್ತೆಂದೂ, ಅವನ ವಾರ್ತೆಯನ್ನು ನೋಡುವವರಲ್ಲಿ ರೇಗನ್ನನಿಗೆ ಮತ ಕೊಟ್ಟವರ ಪಾಲು ಹೆಚ್ಚೆಂದೂ 1986ರಲ್ಲಿ ಪ್ರಕಟವಾಯಿತು. ಮುಖವು ಮತವನ್ನು ತಂದಿತೋ, ಮತವಿದ್ದವರೇ ಆ ಮುಖವನ್ನು ಹುಡುಕಿಕೊಂಡು ಹೋದರೋ, ಅದರ ನಿರ್ಣಯವಾಗಿಲ್ಲ. ಬಾಯಲ್ಲಿ ಪಕ್ಷಪಾತದ ಒಂದು ಮಾತನ್ನೂ ಆಡದವನು ಅವನು, ಎಂಬದಷ್ಟು ಇಲ್ಲಿಗೆ ಸಾಕು.

ಇನ್ನು ರಾಮದುರ್ಗದ ಕಡೆಯ ಮಾತು. ಬಹಳ ವರ್ಷಗಳ ಹಿಂದೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ನಡೆದದ್ದು. ಒಂದು ಒಕ್ಕಲುತನದ ಮನೆಯವರೆಲ್ಲರೂ ಭಾರತ ಹುಣ್ಣಿವೆಗೆ ಚಕ್ಕಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೋದರು. ಮನೆ ಕಾಯಲು ಕಿರಿಯ ಸೊಸೆಯೊಬ್ಬಳೇ ಉಳಿದಳು. ಮದುವೆಯಾಗಿ ಬಂದು ಇನ್ನೂ ವರುಷ ತುಂಬಿರಲಿಲ್ಲ. ಜೋಗುಳಬಾವಿಯಲ್ಲಿ ಮಿಂದು, ದೇವಿಯ ದರ್ಶನ ಮಾಡಿಕೊಂಡು, ಮೂರನೆಯ ದಿನ ತಿರುಗಿ ಬಂದ ಅತ್ತೆಯು ಪೆಟ್ಟಿಗೆಯನ್ನು ತೆರೆದು ನೋಡಿದರೆ ಬೋರಮಾಳವಿಲ್ಲ. ಮನೆಯಲ್ಲಿದ್ದವಳು ಒಬ್ಬಳೇ. ಮಾತು ಬೆಳೆದು ಹನುಮಪ್ಪನ ಗುಡಿಯ ಕಟ್ಟೆಗೆ ಬಂದಿತು. ಐವರು ಹಿರಿಯರು ಕುಳಿತರು.

ಅವರು ಕೆಟ್ಟವರಾಗಿರಲಿಲ್ಲ. ಹುಡುಗಿಯನ್ನು ಗದರಿಸಲಿಲ್ಲ. "ತಂಗೀ, ಅಂಜಬ್ಯಾಡ, ಇದ್ದದ್ದು ಹೇಳು" ಎಂದರು. "ನಾ ನೋಡಿಲ್ರಿ ಯಪ್ಪಾ" ಎಂದಳು. ಅಷ್ಟೇ. ಅಳಲಿಲ್ಲ, ಆಣೆಯಿಡಲಿಲ್ಲ, ನೆಲವನ್ನು ನೋಡುತ್ತ ನಿಂತಳು. ಕಟ್ಟೆಯ ಕೆಳಗೆ ಹಿರಿಯರಿಗೆ ಎದುರಾಗಿ ಗಂಡನ ಅಣ್ಣನು ಕುಳಿತಿದ್ದನು. ಅವನು ಊರಲ್ಲಿ ಮರ್ಯಾದಸ್ಥನು, ಆ ಹೊತ್ತು ಒಂದು ಮಾತನ್ನೂ ಆಡಿದವನಲ್ಲ. ಐವರೂ ತಮ್ಮ ತಮ್ಮಲ್ಲಿ ಬೇರೆ ಬೇರೆಯಾಗಿ ಕೇಳಿಕೊಂಡು, ಐವರಿಗೂ ಒಂದೇ ಅಭಿಪ್ರಾಯ ಬಂದಿದೆಯೆಂದು ಕಂಡುಕೊಂಡರು. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಬೀಳಬಾರದೆಂದು ಹಾಗೆ ಬೇರೆಯಾಗಿ ಕೇಳಿಕೊಳ್ಳುವದು ಆ ಊರಿನ ಒಳ್ಳೆಯ ಪದ್ಧತಿ. ಹುಡುಗಿಯನ್ನು ತವರಿಗೆ ಕಳಿಸುವದು, ವಸ್ತು ಬಂದ ಮೇಲೆ ಕರೆಸಿಕೊಳ್ಳುವದು, ಎಂದು ಗೊತ್ತಾಯಿತು.

ಮಿರಗದ ಮಳೆಯಾಗಿ ಹೆಸರು ಬಿತ್ತುವದಕ್ಕೆ ಬೀಜ ತೆಗೆಯಲೆಂದು ಅಡಕಲಿನ ಕೆಳಗಿನ ಗಡಿಗೆಗೆ ಕೈಹಾಕಿದಾಗ ಬೋರಮಾಳವು ಕಾಳಿನೊಡನೆ ಮೇಲೆ ಬಂದಿತು. ಜಾತ್ರೆಗೆ ಹೋಗುವ ಹಿಂದಿನ ರಾತ್ರಿ, ಕಳ್ಳರ ಭಯದಿಂದ ಅತ್ತೆಯೇ ಅಲ್ಲಿ ಹುಗಿದಿಟ್ಟು ಮರೆತಿದ್ದಳು. ವಯಸ್ಸಾದವರ ಮರೆವು, ಅವಳನ್ನೂ ಬಯ್ಯುವಂತಿರಲಿಲ್ಲ. ಹಣೆ ಹಣೆ ಬಡಿದುಕೊಂಡಳೆಂದು ಹೇಳುವರು.

ಆ ಐವರಲ್ಲಿ ಒಬ್ಬ ಹಿರಿಯರು ಈ ಸಂಗತಿಯನ್ನು ಸಾಯುವತನಕ ಬಿಡಲಿಲ್ಲ. ಎಲ್ಲರಿಗೂ ಏಕೆ ಹಾಗೆ ತೋರಿತೆಂದು ಉಳಿದ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಕೇಳಿದರು. "ಅಕಿ ಅಳ್ಲಿಲ್ಲ" ಎಂದರು ಒಬ್ಬರು. "ಮಾರಿ ಎತ್ತಿ ನೋಡ್ಲಿಲ್ಲ" ಎಂದರು ಮತ್ತೊಬ್ಬರು. ಹೊಸ ಸೊಸೆಯು ಹಿರಿಯರ ಮುಂದೆ ಮುಖವೆತ್ತಿ ನೋಡಿದ್ದರೆ ಅದನ್ನೇ ತಪ್ಪೆಂದು ಎಣಿಸುತ್ತಿದ್ದೆವಲ್ಲವೇ ಎಂದು ಇವರು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ನಾಲ್ಕನೆಯವರು ಬಹಳ ಹೊತ್ತು ಯೋಚಿಸಿ, "ಅವರ ಭಾವ ಕುಂತಿದ್ನಲ್ಲ, ಅವನ್ನ ನೋಡಿದ್ರಿ ಏನ್ರಿ?" ಎಂದು ತಿರುಗಿ ಕೇಳಿದರು. ನೋಡಿದ ನೆನಪು ಇವರಿಗಿರಲಿಲ್ಲ. ಆದರೆ ಐವರೂ ಅವನಿಗೆ ಎದುರಾಗಿಯೇ ಕುಳಿತವರು. ಹುಡುಗಿಯು ಬಾಯಿ ತೆರೆದಾಗ ಅವನ ಮುಖದಲ್ಲಿ ಏನು ಮೂಡಿತೋ, ಅದು ಐದು ಮುಖಗಳ ಮೇಲೆ ಒಂದೇ ಹೊತ್ತಿಗೆ ಬಿದ್ದಿರಬೇಕು. ಬೇರೆ ಬೇರೆಯಾಗಿ ಕೇಳಿಕೊಂಡದ್ದು ಬಾಯನ್ನು ಮಾತ್ರ ಬೇರ್ಪಡಿಸಿತ್ತು. ಆ ಅಣ್ಣನೂ ಸುಳ್ಳನಲ್ಲ. ಅವಳೇ ತೆಗೆದಳೆಂದು ಅವನು ನಿಜವಾಗಿಯೂ ನಂಬಿದ್ದನು. ಕೇಡು ಬಗೆದವನ ಮುಖವಾಗಿದ್ದರೆ ಯಾರಾದರೊಬ್ಬರು ಗುರುತಿಸುತ್ತಿದ್ದರೇನೋ.

ಆ ಮೇಲೆ ಆ ಹಿರಿಯರು ಕಟ್ಟೆಗೆ ಹೋದಾಗ ಕಣ್ಣು ಮುಚ್ಚಿ ಕೂಡ್ರುತ್ತಿದ್ದರು. ಮುದುಕರು ತೂಕಡಿಸುವರೆಂದು ಹುಡುಗರು ನಗುತ್ತಿದ್ದರು. ಕಣ್ಣು ಮುಚ್ಚಿದರೆ ಧ್ವನಿಯು ಅದೇ ಕೆಲಸವನ್ನು ಮಾಡದೇ ಎಂದು ಯಾರೋ ಕೇಳಿದ್ದಕ್ಕೆ, ಮಾಡುವದು, ಆದರೆ ಮಾತಾಡದವರ ಧ್ವನಿ ಕೇಳುವದಿಲ್ಲವಲ್ಲ, ಎಂದು ಹೇಳಿದರಂತೆ.

ಬೋರಮಾಳವು ಸಿಕ್ಕ ಎಂಟು ದಿವಸಕ್ಕೆ ಐವರು ಹಿರಿಯರೂ ಕೂಡಿಯೇ ಹುಡುಗಿಯನ್ನು ಕರೆತರಲು ಅವಳ ತವರಿಗೆ ಹೋದರು. ಸೀರೆ, ಕುಬಸ, ಉಡಿಯಕ್ಕಿ ಎಲ್ಲವನ್ನೂ ಒಯ್ದಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡ್ರಿಸಿ ನೀರು ಕೊಟ್ಟರು. ಹುಡುಗಿಯು ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು. ಈ ಸಲ ಮುಖವೆತ್ತಿ, ಸಾಲಾಗಿ ಕುಳಿತ ಐವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಅವತ್ತೂ ಹಿಂಗ ಕುಂತಿದ್ರಿ" ಎಂದಳು. ಆಮೇಲೆ ತಿರುಗಿ ಒಳಗೆ ಹೋದಳು.